ಓಣಿಯ ಲೆಕ್ಕ ಓಣಿಯವರ ಕೈಗೂ ಬರಲಿ

ಭಾರತವು ಮತ್ತೊಮ್ಮೆ ತನ್ನ ಮನೆಗಳನ್ನೂ ಮನುಷ್ಯರನ್ನೂ ಎಣಿಸಲು ಹೊರಟಿದೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಕೋವಿಡ್ ಸಾಂಕ್ರಾಮಿಕದಿಂದಾಗಿ ಮುಂದಕ್ಕೆ ಹೋಗಿ, ಈಗ ಎರಡು ಹಂತಗಳಲ್ಲಿ ನಿಗದಿಯಾಗಿದೆ. ಮೊದಲ ಹಂತವಾದ ಮನೆಪಟ್ಟಿ ಕಾರ್ಯಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನು ಗೊತ್ತುಪಡಿಸಲಾಗಿದೆ. ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ. ಗೋಡೆ ಯಾವುದರದು, ಮಾಳಿಗೆ ಯಾವುದರದು, ಕುಡಿಯುವ ನೀರು ಎಲ್ಲಿಂದ, ಶೌಚಾಲಯವಿದೆಯೇ, ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳನ್ನು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಕೇಳಲಾಗುತ್ತದೆ.

ಇದಕ್ಕೂ ಮುನ್ನ, 2025ರ ಸೆಪ್ಟೆಂಬರ್ 22ರಿಂದ, ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ನಡೆಸಿತು. ವಿದ್ಯುತ್ ಮೀಟರ್ ಆಧರಿಸಿ ಮನೆಗಳನ್ನು ಗುರುತಿಸಿ, ಬಾಗಿಲಿಗೆ ಚೀಟಿ ಅಂಟಿಸಿ, 60 ಪ್ರಶ್ನೆಗಳಿಗೆ ಉತ್ತರ ಪಡೆಯಲಾಯಿತು. ಆ ದಿನಗಳಲ್ಲಿ ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಬಹುಪಾಲು ಚರ್ಚೆ ನಡೆದದ್ದು ಧರ್ಮದ ಕಲಂ ಮತ್ತು ಜಾತಿಯ ಕಲಂಗಳಲ್ಲಿ ಏನು ಬರೆಸಬೇಕೆಂಬುದರ ಬಗ್ಗೆ. ಆ ಚರ್ಚೆಗೆ ಅದರದೇ ಮಹತ್ವವಿದೆ. ಅದನ್ನು ಇಲ್ಲಿ ಮತ್ತೆ ತೆರೆಯುವ ಉದ್ದೇಶ ನಮ್ಮದಲ್ಲ. ನಾವು ಕೇಳಬಯಸುವುದು ಉಳಿದ ಕಲಂಗಳ ವಿಷಯ. ಮಕ್ಕಳು ಎಲ್ಲಿಯವರೆಗೆ ಓದಿದರು, ಮನೆಯವರ ದುಡಿಮೆ ಏನು, ಆದಾಯವೆಷ್ಟು, ಸಾಲವಿದೆಯೇ ಎಂಬ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಲ್ಲಿಯೇ ಬಡ ಕುಟುಂಬವೊಂದರ ನಿಜವಾದ ಬದುಕು ಅಡಗಿದೆ. ಆ ಉತ್ತರಗಳು ಎಲ್ಲಿಗೆ ಹೋಗುತ್ತವೆ? ಅವು ಎಂದಾದರೂ ಆ ಕುಟುಂಬ ಇರುವ ಓಣಿಗೆ ಮರಳಿ ಬರುತ್ತವೆಯೇ?

ಈ ಪ್ರಶ್ನೆ ಸಣ್ಣದಲ್ಲವೆಂದು ನಾವು ಭಾವಿಸುತ್ತೇವೆ. ಎಣಿಸಿಕೊಂಡು ಹೋದ ಲೆಕ್ಕ ರಾಜಧಾನಿಯ ಕಡತದಲ್ಲಿಯೇ ಉಳಿದರೆ ಅದರಿಂದ ಬಡವರ ಓಣಿಗೆ ಒಂದು ನಲ್ಲಿಯೂ ಬರುವುದಿಲ್ಲ. ಅದೇ ಲೆಕ್ಕವನ್ನು ಓಣಿಯವರು ತಾವೇ ಅರಿತು, ತಾವೇ ಹಿಡಿದು, ಪಾಲಿಕೆಯ ಮೇಜಿನ ಮೇಲೆ ಇಟ್ಟಾಗ ಅದು ಹಕ್ಕಿನ ದಾಖಲೆಯಾಗುತ್ತದೆ. ಇದು ಬರಿಯ ಆಶಯವಲ್ಲ; ನಮ್ಮ ದೇಶದಲ್ಲಿಯೇ ನಡೆದು ತೋರಿದ ಸಂಗತಿ.

ಸರಾಸರಿಯ ಮರೆಯಲ್ಲಿ

ಉದಾಹರಣೆಗಾಗಿ ಒಂದು ವಾರ್ಡನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 5,000 ಮನೆಗಳಿವೆ. 4,700 ಮನೆಗಳಿಗೆ ನಲ್ಲಿಯ ಸಂಪರ್ಕವಿದೆ. ಶೇ. 94 ಸಾಧನೆ ಎಂದು ವರದಿಯಲ್ಲಿ ಬರೆಯುತ್ತಾರೆ. ಬರೆದದ್ದು ಸುಳ್ಳೂ ಅಲ್ಲ. ಆದರೆ ಸಂಪರ್ಕವಿಲ್ಲದ 300 ಮನೆಗಳು ವಾರ್ಡಿನ ತುಂಬ ಹರಡಿಕೊಂಡಿಲ್ಲ; ರಾಜಕಾಲುವೆಯ ಪಕ್ಕದ ಎರಡೇ ಓಣಿಗಳಲ್ಲಿ ಒತ್ತಾಗಿ ನಿಂತಿವೆ. ಆ ಎರಡು ಓಣಿಗಳ ಮಟ್ಟಿಗೆ ಸಾಧನೆ ಸೊನ್ನೆ. ವಾರ್ಡಿನ ಅಂಕಿಯನ್ನು ಮಾತ್ರ ನೋಡುವ ಅಧಿಕಾರಿಗೆ ಆ ಸೊನ್ನೆ ಕಾಣುವುದಿಲ್ಲ. ಕಾಣದ ಕೊರತೆಗೆ ಕ್ರಿಯಾಯೋಜನೆಯಲ್ಲಿ ಸ್ಥಳವೂ ಸಿಗುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಜನಗಣತಿಯು ನೀರಿನ ಮೂಲ ಯಾವುದೆಂದು ಕೇಳುತ್ತದೆ. ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಕೇಳುವುದಿಲ್ಲ. ಉತ್ತರ ಕರ್ನಾಟಕದ ಹಲವು ನಗರಗಳಲ್ಲಿ ನಲ್ಲಿ ಇದ್ದರೂ ನೀರಿಗಾಗಿ ದಿನಗಟ್ಟಲೆ ಕಾಯುವುದು ಓದುಗರಿಗೆ ಹೊಸದಲ್ಲ. ನಡುರಾತ್ರಿ ನೀರು ಬಿಟ್ಟರೆ ಎದ್ದು ಕೊಡ ತುಂಬಿಸಿಕೊಳ್ಳುವವರು ಯಾರು, ನೆಲದಡಿಯ ತೊಟ್ಟಿಯೂ ಮೇಲಿನ ಟ್ಯಾಂಕೂ ಇಲ್ಲದವರು ಎಷ್ಟು ಜನ, ಕೂಲಿ ಬಿಟ್ಟು ಮನೆಯಲ್ಲಿ ಉಳಿಯುವವರು ಯಾರು ಎಂಬುದು ಆ ಓಣಿಯ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತು. ಆ ತಿಳಿವಳಿಕೆಯನ್ನು ಯಾವ ದೊಡ್ಡ ಗಣತಿಯೂ ತಾನಾಗಿ ಸಂಗ್ರಹಿಸುವುದಿಲ್ಲ.

ಹಣವೇ ಇಲ್ಲವೆಂದು ಹೇಳುವಂತಿಲ್ಲ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಕಲ್ಯಾಣಕ್ಕಾಗಿ ಶೇ. 24.10, ಇತರ ಬಡವರಿಗಾಗಿ ಶೇ. 7.25, ವಿಕಲಚೇತನರಿಗಾಗಿ ಶೇ. 5ರಷ್ಟು ಹಣವನ್ನು ತೆಗೆದಿರಿಸಬೇಕೆಂಬ ನಿಯಮವಿದೆ. ಆದರೆ ಈ ಹಣ ಯಾವ ಓಣಿಗೆ ಮೊದಲು ಹೋಗಬೇಕು, ಯಾವ ಮನೆಗೆ ಯಾವುದು ತುರ್ತು ಎಂದು ನಿರ್ಧರಿಸಲು ಬೇಕಾದ ಲೆಕ್ಕ ಇಲ್ಲದಿದ್ದರೆ, ಕೂಗಿ ಕೇಳಬಲ್ಲವರ ಕಡೆಗೆ ಅದು ಹರಿಯುತ್ತದೆ. ಇಲ್ಲವೇ ವರ್ಷಾಂತ್ಯದಲ್ಲಿ ಖರ್ಚಾಗದೆ ಉಳಿಯುತ್ತದೆ.

ಕೊಳಗೇರಿಗಳ ವಿಷಯದಲ್ಲಂತೂ ಎಣಿಕೆ ಎಂಬುದು ಇರುವಿಕೆಯ ಪ್ರಶ್ನೆಯೇ ಆಗಿದೆ. ಕರ್ನಾಟಕದಲ್ಲಿ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಒಂದು ಪ್ರದೇಶವನ್ನು ಕೊಳಗೇರಿ ಎಂದು ಘೋಷಿಸಿದ ಮೇಲೆಯೇ ಕೊಳಗೇರಿ ಅಭಿವೃದ್ಧಿ ಮಂಡಳಿಯ ಸೌಲಭ್ಯಗಳಿಗೂ ಹಕ್ಕುಪತ್ರಕ್ಕೂ ದಾರಿ ತೆರೆಯುತ್ತದೆ. ಘೋಷಣೆಯಾಗದ ಕಡೆ ಜನ ಮೂವತ್ತು ವರ್ಷ ಬಾಳಿದ್ದರೂ ಕಾಗದದ ಮೇಲೆ ಅವರು ಇಲ್ಲ. 2012ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 69ನೆಯ ಸುತ್ತು ದೇಶದ ನಗರಗಳಲ್ಲಿ 33,510 ಕೊಳಗೇರಿಗಳಿವೆ ಎಂದು ಅಂದಾಜು ಮಾಡಿತು, ಅವುಗಳಲ್ಲಿ ಶೇ. 59ರಷ್ಟು ಅಧಿಸೂಚನೆಗೆ ಒಳಪಡದವು. ಜನಗಣತಿಯೂ ಈ ವಿಷಯದಲ್ಲಿ ತಡವಾಗಿಯೇ ಕಣ್ಣು ತೆರೆಯಿತು. ಕೊಳಗೇರಿಗಳ ಪ್ರತ್ಯೇಕ ಲೆಕ್ಕ ಮೊದಲು ಬಂದದ್ದು 2001ರಲ್ಲಿ. 2011ರಲ್ಲಿ ಕನಿಷ್ಠ 300 ಜನ ಅಥವಾ 60ರಿಂದ 70 ಕುಟುಂಬಗಳು ಒತ್ತಾಗಿ ಬಾಳುವ, ಮೂಲ ಸೌಕರ್ಯವಿಲ್ಲದ ಪ್ರದೇಶವನ್ನು ಕೊಳಗೇರಿಯೆಂದು ಪರಿಗಣಿಸಲಾಯಿತು. ಇಪ್ಪತ್ತೈದು ಗುಡಿಸಲುಗಳ ಒಂದು ಮೂಲೆ ಈ ಅಳತೆಗೆ ಸಿಗುವುದಿಲ್ಲ. ಅಲ್ಲಿಯ ಮಗು ವಾರ್ಡಿನ ಸರಾಸರಿಯೊಳಗೆ ಕರಗಿಹೋಗುತ್ತದೆ.

ಕೆಜಿಎಫ್‌ನಿಂದ ಹೊರಟವರು ಕಟ್ಟಿದ ಮಾರ್ಗ

ತಮ್ಮ ಲೆಕ್ಕವನ್ನು ತಾವೇ ಇಟ್ಟುಕೊಂಡ ಬಡವರ ಕಥೆಯನ್ನು ಹೇಳಬೇಕಾದರೆ ಮುಂಬೈಯನ್ನು ನೆನೆಯಲೇಬೇಕು. ಆ ಕಥೆಯ ಮುಖ್ಯ ವ್ಯಕ್ತಿ ನಮ್ಮ ಕೋಲಾರ ಚಿನ್ನದ ಗಣಿಯ ನೆಲದಲ್ಲಿ ಹುಟ್ಟಿದವರು ಎಂಬುದು ಬಹಳ ಜನ ಕನ್ನಡಿಗರಿಗೆ ತಿಳಿದಿಲ್ಲ. ಜಾಕಿನ್ ಅರ್ಪುತಂ ಯೌವನದಲ್ಲಿಯೇ ದುಡಿಮೆಗಾಗಿ ಮುಂಬೈ ಸೇರಿ, ಅಣುಶಕ್ತಿ ಸಂಶೋಧನಾ ಕೇಂದ್ರದ ಸಮೀಪದ ಜನತಾ ಕಾಲೊನಿ ಎಂಬ ಕೊಳಗೇರಿಯಲ್ಲಿ ನೆಲೆಸಿದರು. ಕಸ ಎತ್ತಲು ಪಾಲಿಕೆಯವರು ಬಾರದಿದ್ದಾಗ ಮಕ್ಕಳನ್ನು ಕೂಡಿಸಿಕೊಂಡು ಆ ಕಸವನ್ನು ಹೊತ್ತೊಯ್ದು ಪಾಲಿಕೆಯ ಕಚೇರಿಯ ಮುಂದೆಯೇ ಸುರಿದವರು ಅವರು. 1970ರ ದಶಕದಲ್ಲಿ ರಾಷ್ಟ್ರೀಯ ಕೊಳಗೇರಿ ನಿವಾಸಿಗಳ ಒಕ್ಕೂಟವನ್ನು ಕಟ್ಟಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಅವರಿಗೆ ಸಂದವು. 2018ರಲ್ಲಿ ಅವರು ನಿಧನರಾದರು.

1976ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರವು ಮುಂಬೈಯ ಕೊಳಗೇರಿಗಳ ಗಣತಿ ನಡೆಸಿ ನಿವಾಸಿಗಳಿಗೆ ಗುರುತಿನ ಚೀಟಿ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಜನತಾ ಕಾಲೊನಿಯನ್ನು ತೆರವುಗೊಳಿಸಿ ಸುಮಾರು 70,000 ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಎಣಿಸಲ್ಪಟ್ಟ ಮಾತ್ರಕ್ಕೆ ರಕ್ಷಣೆ ದೊರೆಯದೆಂಬುದು ಅಂದೇ ತಿಳಿಯಿತು. ಎಣಿಕೆಯಿಲ್ಲದಿದ್ದರೆ ಏನಾಗುತ್ತದೆಂಬುದು ಒಂಬತ್ತು ವರ್ಷಗಳ ನಂತರ ತಿಳಿಯಿತು.

1981ರಲ್ಲಿ ಮುಂಬೈಯ ಪಾದಚಾರಿ ಮಾರ್ಗಗಳಲ್ಲಿ ಬಾಳುತ್ತಿದ್ದವರನ್ನು ಹೊರಹಾಕಲು ಸರ್ಕಾರ ಮುಂದಾದಾಗ ಆ ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಓಲ್ಗಾ ಟೆಲಿಸ್ ಪ್ರಕರಣವೆಂದು ಹೆಸರಾದ ಅದರ ತೀರ್ಪು ಬಂದದ್ದು 1985ರ ಜುಲೈ 10ರಂದು. ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಇದು ಎಲ್ಲರೂ ನೆನೆಯುವ ಮಾತು. ಅದೇ ತೀರ್ಪಿನ ಇನ್ನೊಂದು ಭಾಗವನ್ನು ಕಡಿಮೆ ಜನ ನೆನೆಯುತ್ತಾರೆ. ಮಳೆಗಾಲ ಮುಗಿದ ಮೇಲೆ ತೆರವಿಗೆ ಅವಕಾಶ ಕೊಟ್ಟ ನ್ಯಾಯಾಲಯವು, 1976ರ ಗಣತಿಯಲ್ಲಿ ಹೆಸರು ದಾಖಲಾಗಿ ಗುರುತಿನ ಚೀಟಿ ಪಡೆದವರಿಗೆ ಬದಲಿ ಜಾಗ ಕೊಡಬೇಕೆಂದಿತು. ಅಂದರೆ ಎಣಿಕೆಗೆ ಸಿಕ್ಕವರಿಗೆ ಬದಲಿ ಜಾಗದ ಭರವಸೆ ದೊರೆಯಿತು. ಅದೇ ಬೀದಿಯಲ್ಲಿ ಬಾಳುತ್ತಿದ್ದರೂ ಎಣಿಕೆಗೆ ಸಿಗದವರಿಗೆ ಆ ಭರವಸೆಯಿರಲಿಲ್ಲ.

ಆಗ ಶೀಲಾ ಪಟೇಲ್ ಮೊದಲಾದವರು 1984ರಲ್ಲಿ ಆರಂಭಿಸಿದ್ದ ಸ್ಪಾರ್ಕ್ ಸಂಸ್ಥೆಯು ಬೈಕುಲ್ಲಾ ಭಾಗದ ಪಾದಚಾರಿ ಮಾರ್ಗಗಳ ನಿವಾಸಿಗಳೊಡನೆ ಕೂಡಿ ಸ್ವತಃ ಗಣತಿಗೆ ಇಳಿಯಿತು. ಸುಮಾರು 6,000 ಕುಟುಂಬಗಳ, 27,000 ಜನರ ಲೆಕ್ಕ ಸಿದ್ಧವಾಯಿತು. ‘ನಾವು, ಕಣ್ಣಿಗೆ ಕಾಣದವರು’ ಎಂಬ ಅರ್ಥದ ಹೆಸರಿನಲ್ಲಿ ಅದು ವರದಿಯಾಗಿ ಹೊರಬಂದಿತು. ಬೀದಿಯಲ್ಲಿ ಮಲಗುವವರು ಸೋಮಾರಿಗಳು, ಇಂದು ಬಂದು ನಾಳೆ ಹೋಗುವವರು ಎಂಬ ನಂಬಿಕೆಯನ್ನು ಆ ಲೆಕ್ಕ ಅಳಿಸಿತು. ಅವರು ದುಡಿಯುವ ಜನ. ಕೆಲಸದ ಜಾಗಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಇರಬೇಕೆಂಬ ಕಾರಣಕ್ಕೇ ಬೀದಿಯಲ್ಲಿ ನೆಲೆಸಿದವರು. ಬಡ ಜಿಲ್ಲೆಗಳಿಂದ ಬಂದು ವರ್ಷಗಳಿಂದ ಅಲ್ಲೇ ಬಾಳುತ್ತಿದ್ದವರು. ಮರುವರ್ಷ ಆ ಬೀದಿಗಳ ಹೆಣ್ಣುಮಕ್ಕಳು ಮಹಿಳಾ ಮಿಲನ್ ಎಂಬ ಸಂಘ ಕಟ್ಟಿಕೊಂಡು ಉಳಿತಾಯ ಆರಂಭಿಸಿದರು. 1995ರ ಹೊತ್ತಿಗೆ ಮಹಾರಾಷ್ಟ್ರದ ಪುನರ್ವಸತಿ ನೀತಿಯು ಪಾದಚಾರಿ ಮಾರ್ಗದ ನಿವಾಸಿಗಳನ್ನೂ ಮನೆಗೆ ಅರ್ಹರೆಂದು ಒಪ್ಪಿಕೊಂಡಿತು. ಹತ್ತು ವರ್ಷ ಹಿಡಿಯಿತು. ಆದರೆ ನೀತಿ ಬದಲಾಯಿತು. ಮುಂದೆ ಇದೇ ವಿಧಾನವನ್ನು ಆಫ್ರಿಕ, ಏಷ್ಯಗಳ ಅನೇಕ ನಗರಗಳ ಕೊಳಗೇರಿ ಒಕ್ಕೂಟಗಳು ಕಲಿತವು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಸರ್ಕಾರದ ಗಣತಿಯೂ ಎಣಿಕೆ, ಸ್ಪಾರ್ಕ್‌ನ ಗಣತಿಯೂ ಎಣಿಕೆ. ಆದರೆ ಎರಡನೆಯದರಲ್ಲಿ ಎಣಿಸಲ್ಪಟ್ಟವರೇ ಎಣಿಸುವವರೂ ಆಗಿದ್ದರು. ಬಂದ ಅಂಕಿಯನ್ನು ಮೊದಲು ಅವರಿಗೇ ಓದಿ ಹೇಳಲಾಯಿತು. ನಾವು ಇಷ್ಟು ಜನ ಇದ್ದೇವೆ, ನಮ್ಮೆಲ್ಲರ ಕಷ್ಟ ಒಂದೇ ಎಂಬ ಅರಿವು ಆ ಲೆಕ್ಕದಿಂದ ಹುಟ್ಟಿತು. ಸಂಘಟನೆಗೆ ಅದು ಮೊದಲ ಮೆಟ್ಟಿಲಾಯಿತು.

ಚರಂಡಿಯ ನಕ್ಷೆ, ಬಡತನದ ಅಳತೆಗೋಲು

ಲೆಕ್ಕ ಹೇಗೆ ಕೆಲಸ ಮಾಡುತ್ತದೆಂಬುದನ್ನು ನಮಗೆ ಹತ್ತಿರದ ಸಾಂಗ್ಲಿ, ಕೊಲ್ಲಾಪುರಗಳಲ್ಲಿ ನೋಡಬಹುದು. ಪುಣೆಯ ಶೆಲ್ಟರ್ ಅಸೋಸಿಯೇಟ್ಸ್ ಎಂಬ ಸಂಸ್ಥೆ ಈ ನಗರಗಳ ಕೊಳಗೇರಿಗಳನ್ನು ಮನೆ ಮನೆಯಂತೆ ನಕ್ಷೆಗೆ ತಂದಿತು. ಯಾವ ಮನೆಗೆ ಶೌಚಾಲಯವಿಲ್ಲ ಎಂಬ ಪಟ್ಟಿಯನ್ನೂ ಒಳಚರಂಡಿಯ ಕೊಳವೆ ಎಲ್ಲೆಲ್ಲಿ ಹಾದಿದೆ ಎಂಬ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ, ಯಾವ ಮನೆಗಳಿಗೆ ಕೂಡಲೇ ಸಂಪರ್ಕ ಕೊಡಬಹುದು, ಯಾವ ಓಣಿಗೆ ಮೊದಲು ಕೊಳವೆ ಎಳೆಯಬೇಕು ಎಂಬುದು ಕಣ್ಣಿಗೆ ಕಂಡಿತು. ಸಂಸ್ಥೆಯು ಸಾಮಗ್ರಿ ಕೊಟ್ಟಿತು. ಕಟ್ಟುವ ಖರ್ಚನ್ನು ಕುಟುಂಬ ಹೊತ್ತಿತು. ಸಾರ್ವಜನಿಕ ಶೌಚಾಲಯದ ಮುಂದೆ ಸಾಲು ನಿಲ್ಲುತ್ತಿದ್ದ ಕುಟುಂಬಗಳಿಗೆ ತಮ್ಮ ಮನೆಯೊಳಗೇ ಶೌಚಾಲಯವಾಯಿತು. ಒಂದು ನಗರಕ್ಕೆ ಇಷ್ಟು ಶೌಚಾಲಯ ಎಂದು ಗುರಿ ಹಾಕಿಕೊಂಡು ಹೊರಡುವುದಕ್ಕೂ, ಈ ಮನೆಗೆ ಈ ಕೊಳವೆಯಿಂದ ಎಂದು ತಿಳಿದು ಹೊರಡುವುದಕ್ಕೂ ಇರುವ ಅಂತರ ಇದೇ.

ಕೇರಳವು ಇನ್ನೊಂದು ಬಗೆಯಲ್ಲಿ ಮುನ್ನಡೆಯಿತು. 1990ರ ದಶಕದ ಆರಂಭದಲ್ಲಿ ಆಲಪ್ಪುಳ ನಗರದಲ್ಲಿ ನೆರೆಹೊರೆಯ ಹೆಣ್ಣುಮಕ್ಕಳ ಕೂಟಗಳು ರೂಪುಗೊಂಡವು. ಬಡವರು ಯಾರೆಂಬುದನ್ನು ವರಮಾನದ ಪ್ರಮಾಣಪತ್ರದಿಂದ ಅಳೆಯದೆ, ಒಂಬತ್ತು ಲಕ್ಷಣಗಳಿಂದ ಅಳೆಯಲಾಯಿತು. ಮನೆ ಕಚ್ಚಾ ಆಗಿದೆಯೇ, ಹತ್ತಿರದಲ್ಲಿ ಶುದ್ಧ ನೀರಿದೆಯೇ, ಶೌಚಾಲಯವಿದೆಯೇ, ಓದು ಬಾರದ ವಯಸ್ಕರಿದ್ದಾರೆಯೇ, ದುಡಿಯುವವರು ಒಬ್ಬರೇ ಅಥವಾ ಯಾರೂ ಇಲ್ಲವೇ, ಎರಡು ಹೊತ್ತಿನ ಊಟಕ್ಕೂ ಕಷ್ಟವೇ, ಮದ್ಯವ್ಯಸನಿಗಳಿದ್ದಾರೆಯೇ ಎಂಬಂತಹ ಪ್ರಶ್ನೆಗಳು ಅವು. ಒಂಬತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಲಕ್ಷಣಗಳಿದ್ದರೆ ಆ ಕುಟುಂಬ ಬಡ ಕುಟುಂಬ. ಒಬ್ಬರ ಮನೆಯ ಸ್ಥಿತಿಯನ್ನು ಇನ್ನೊಬ್ಬರು ಬಲ್ಲ ನೆರೆಹೊರೆಯಲ್ಲಿ ಸುಳ್ಳು ಹೇಳುವುದು ಕಷ್ಟ. ನಿಜವಾದ ಬಡವರನ್ನು ಬಿಟ್ಟುಬಿಡುವುದೂ ಕಷ್ಟ. 1998ರಲ್ಲಿ ಆರಂಭವಾದ ಕುಟುಂಬಶ್ರೀ ಈ ಪ್ರಯೋಗದ ಮೇಲೆಯೇ ನಿಂತಿತು.

ಅದೇ ರಾಜ್ಯವು 2021ರಲ್ಲಿ ಅತಿ ಬಡ ಕುಟುಂಬಗಳನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಹುಡುಕಲು ಆರಂಭಿಸಿ 64,006 ಕುಟುಂಬಗಳನ್ನು ಗುರುತಿಸಿತು. ಒಬ್ಬರಿಗೆ ಮನೆ, ಒಬ್ಬರಿಗೆ ಔಷಧ, ಒಬ್ಬರಿಗೆ ಪಡಿತರ ಚೀಟಿ ಎಂದು ಕುಟುಂಬಕ್ಕೊಂದು ಯೋಜನೆ ಮಾಡಿ, 2025ರ ನವೆಂಬರ್ 1ರಂದು ಅತಿ ಬಡತನದಿಂದ ಮುಕ್ತವಾದ ರಾಜ್ಯವೆಂದು ಘೋಷಿಸಿಕೊಂಡಿತು. ಯಾವ ಅಳತೆಗೋಲಿನಿಂದ ಈ ಸಂಖ್ಯೆ ಬಂದಿತು, ಆದಿವಾಸಿ ಕುಟುಂಬಗಳೆಲ್ಲ ಇದರಲ್ಲಿ ಸೇರಿವೆಯೇ ಎಂದು ಪ್ರಶ್ನಿಸುವ ದನಿಗಳೂ ಅಲ್ಲಿಯೇ ಎದ್ದವು. ಆ ಪ್ರಶ್ನೆ ಎದ್ದದ್ದು ಒಳ್ಳೆಯದೇ. ಹೆಸರು ಹೆಸರಾಗಿ ಪಟ್ಟಿ ಮಾಡಿದ್ದರಿಂದಲೇ ಬಿಟ್ಟುಹೋದವರು ಯಾರು ಎಂದು ಕೇಳಲು ಸಾಧ್ಯವಾಯಿತು. ಪಟ್ಟಿಯೇ ಇಲ್ಲದ ಕಡೆ ಆ ಪ್ರಶ್ನೆಯನ್ನು ಕೇಳುವುದೂ ಕಷ್ಟ.

ನಮ್ಮ ಬೆಂಗಳೂರೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ ನಾಗರಿಕರ ಅಂಕಪಟ್ಟಿ ಎಂಬ ಹೊಸ ಪದ್ಧತಿ ಇಲ್ಲಿಂದಲೇ ಹೊರಟಿತು. ನೀರು, ವಿದ್ಯುತ್, ಪಾಲಿಕೆ, ಪ್ರಾಧಿಕಾರಗಳ ಸೇವೆಗೆ ಜನರೇ ಅಂಕ ಕೊಟ್ಟರು. ಕೊಳಗೇರಿಯ ಕುಟುಂಬಗಳನ್ನು ಪ್ರತ್ಯೇಕವಾಗಿ ಮಾತನಾಡಿಸಿ, ಲಂಚ ಕೊಡಬೇಕಾಯಿತೇ ಎಂದೂ ಕೇಳಲಾಯಿತು. ಮಕ್ಕಳ ಶಾಲೆಯ ಅಂಕಪಟ್ಟಿಯಂತೆ ಅದು ಪತ್ರಿಕೆಗಳಲ್ಲಿ ಬಂದಾಗ ಕಚೇರಿಗಳು ಮುಜುಗರಪಟ್ಟವು. 1999 ಮತ್ತು 2003ರಲ್ಲಿ ಮತ್ತೆ ಅಂಕ ಹಾಕಿದಾಗ, ವಿಶೇಷವಾಗಿ ಮೂರನೆಯ ಬಾರಿಗೆ, ಸೇವೆಗಳ ಬಗ್ಗೆ ಜನರ ತೃಪ್ತಿ ಹೆಚ್ಚಿತ್ತು. ಒಮ್ಮೆ ಅಳೆದು ಸುಮ್ಮನಾಗದೆ ಮತ್ತೆ ಮತ್ತೆ ಅಳೆದದ್ದೇ ಇದರ ಬಲ.

ಅಂಕಿಗೂ ಎರಡು ಅಲಗು

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತನ್ನೂ ಹೇಳಬೇಕು. ನೀರು ತರುವ ಪಟ್ಟಿಯೇ ಬುಲ್ಡೋಜರನ್ನೂ ತರಬಲ್ಲದು. ಈ ಮನೆಗೆ ಹಕ್ಕುಪತ್ರವಿಲ್ಲ ಎಂಬ ಸಾಲು ಹಕ್ಕುಪತ್ರ ಕೊಡಿಸಲೂ ಆಗುತ್ತದೆ, ಒತ್ತುವರಿ ಎಂದು ತೆರವು ಮಾಡಲೂ ಆಗುತ್ತದೆ. ಯಾರ ಮನೆಯಲ್ಲಿ ಯಾವ ರೋಗ, ಯಾರಿಗೆ ಎಷ್ಟು ಸಾಲ, ಯಾರು ಯಾವ ಪಂಗಡ ಎಂಬ ವಿವರಗಳು ಸಾಲ ವಸೂಲಿಯವರ ಕೈಗೋ ಚುನಾವಣೆಯ ದಲ್ಲಾಳಿಗಳ ಕೈಗೋ ಸಿಕ್ಕರೆ ಬಡವರಿಗೆ ಅದರಿಂದ ಹಾನಿಯೇ. 2023ರಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಕಾಯ್ದೆ ಏನೇ ಹೇಳಲಿ, ಬಡವರ ಮನೆಯ ಗುಟ್ಟು ಕಾಯುವುದು ಕೇಳಿದವರ ಧರ್ಮ.

ಆದ್ದರಿಂದ ಕೆಲವು ಮಿತಿಗಳು ಬೇಕು. ಏತಕ್ಕಾಗಿ ಕೇಳುತ್ತಿದ್ದೇವೆಂದು ಮೊದಲೇ ಹೇಳಬೇಕು. ಬೇಡವೆಂದವರನ್ನು ಬಲವಂತ ಮಾಡಬಾರದು. ಬೇಕಾದಷ್ಟನ್ನೇ ಕೇಳಬೇಕು; ಚರಂಡಿಯ ಲೆಕ್ಕಕ್ಕೆ ಜಾತಿಯ ಕಲಂ ಬೇಕಿಲ್ಲ. ಕಚೇರಿಗೆ ಕೊಡುವ ಕಾಗದದಲ್ಲಿ ಓಣಿಯ ಒಟ್ಟು ಸಂಖ್ಯೆ ಇದ್ದರೆ ಸಾಕು, ಮನೆಯವರ ಹೆಸರು ಬೇಡ. ಹೆಸರಿರುವ ಪಟ್ಟಿ ಓಣಿಯವರೇ ನಂಬಿ ಒಪ್ಪಿಸಿದವರ ಬಳಿ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬರೆದದ್ದನ್ನು ಓಣಿಯಲ್ಲಿ ಕೂಡಿಸಿ ಗಟ್ಟಿಯಾಗಿ ಓದಿ ಹೇಳಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಬೇಕು.

ಲೆಕ್ಕವನ್ನು ಎಲ್ಲಿ ಇಡಬೇಕು

ಅಂಕಿಗೆ ಒಂದು ವೇದಿಕೆ ಬೇಕು. ಸಂವಿಧಾನದ 74ನೆಯ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳು ಇರಬೇಕೆಂದು ಹೇಳಿತು. ಕರ್ನಾಟಕದ ಮಹಾನಗರ ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯು ವಾರ್ಡಿಗೊಂದು ಸಮಿತಿ ಎಂದು ಗೊತ್ತುಪಡಿಸಿ, ಅದರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನ ಕೊಟ್ಟಿತು. ಹಳ್ಳಿಗಳಲ್ಲಿ ವಾರ್ಡ್ ಸಭೆ, ಗ್ರಾಮಸಭೆಗಳಿವೆ. ವೇದಿಕೆ ಇದ್ದೂ ಅಲ್ಲಿ ಬಡವರ ಮಾತು ನಿಲ್ಲದಿರುವುದಕ್ಕೆ ಕಾರಣ, ಅವರು ಸಾಮಾನ್ಯವಾಗಿ ಬೇಡಿಕೆಯನ್ನು ಮಾತ್ರ ಹೊತ್ತು ಹೋಗುತ್ತಾರೆ. ನಮ್ಮ ಓಣಿಗೆ ನೀರು ಕೊಡಿ ಎಂಬ ಮಾತಿಗೆ ನೋಡೋಣ ಎಂಬ ಉತ್ತರ ಸಾಕಾಗುತ್ತದೆ. 112 ಮನೆಗಳಲ್ಲಿ 87 ಮನೆಗಳಿಗೆ ಸಂಪರ್ಕವಿಲ್ಲ, ಉಳಿದವಕ್ಕೆ ಎಂಟು ದಿನಕ್ಕೊಮ್ಮೆ ಒಂದು ಗಂಟೆ ನೀರು, ಮುಖ್ಯ ಕೊಳವೆ ಇರುವುದು ನಲವತ್ತು ಮಾರು ದೂರದಲ್ಲಿ ಎಂಬಂತೆ ಬರೆದ ಕಾಗದವಿದ್ದರೆ, ಅದಕ್ಕೆ ಬರವಣಿಗೆಯಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಠರಾವಿನಲ್ಲಿ ಅದು ದಾಖಲಾಗುತ್ತದೆ.

ಬೆಂಗಳೂರಿನಂತಹ ನಗರದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದು ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕೇಳಲು ಚುನಾಯಿತ ಸದಸ್ಯರೇ ಇಲ್ಲದ ಕಾಲದಲ್ಲಿ ಬಡವರ ಓಣಿಯ ಪರವಾಗಿ ನಿಲ್ಲುವುದು ಇಂತಹ ಕಾಗದ ಮಾತ್ರ.

ಇಲ್ಲಿ ನಮ್ಮ ಸಮಾಜಕ್ಕೆ ಕೆಲಸವಿದೆ ಎಂದು ನಾವು ಭಾವಿಸುತ್ತೇವೆ. ಊರೂರಿನಲ್ಲಿ ಮಠಗಳಿಗೆ ಶಾಲೆಗಳಿವೆ, ಕಾಲೇಜುಗಳಿವೆ, ಪ್ರಸಾದ ನಿಲಯಗಳಿವೆ. ಅಲ್ಲಿ ಓದುವ ಮಕ್ಕಳು ಇಂತಹ ಓಣಿಗಳಿಂದಲೇ ಬಂದವರು. ಗಣಿತ, ಭೂಗೋಳ, ಸಮಾಜಶಾಸ್ತ್ರ ಓದುವ ಹತ್ತು ಜನ ವಿದ್ಯಾರ್ಥಿಗಳು, ಆ ಓಣಿಯ ಸ್ವಸಹಾಯ ಸಂಘದ ತಾಯಂದಿರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಕೂಡಿದರೆ ನೂರು ಮನೆಗಳ ಲೆಕ್ಕಕ್ಕೆ ಎರಡು ಭಾನುವಾರ ಸಾಕು. ಮೊದಲು ಓಣಿಯವರೇ ನೆಲದ ಮೇಲೆ ಸುಣ್ಣದಿಂದಲೋ ರಂಗೋಲಿ ಪುಡಿಯಿಂದಲೋ ನಕ್ಷೆ ಬರೆಯಲಿ: ಮನೆ, ನಲ್ಲಿ, ಚರಂಡಿ, ಬೀದಿದೀಪ, ಅಂಗನವಾಡಿ. ಬಳಿಕ ಹತ್ತನ್ನು ಮೀರದ ಪ್ರಶ್ನೆಗಳು: ನೀರು ಎಷ್ಟು ದಿನಕ್ಕೊಮ್ಮೆ, ಶೌಚಾಲಯವಿದೆಯೇ, ಮಳೆನೀರು ಒಳನುಗ್ಗುತ್ತದೆಯೇ, ಶಾಲೆ ಬಿಟ್ಟ ಮಕ್ಕಳೆಷ್ಟು, ವೃದ್ಧಾಪ್ಯ ವೇತನ ಅಥವಾ ವಿಧವಾ ವೇತನಕ್ಕೆ ಅರ್ಹರಿದ್ದೂ ಸಿಗದವರೆಷ್ಟು, ಹಕ್ಕುಪತ್ರವಿದೆಯೇ. ಕೊನೆಗೆ ಒಂದೇ ಪುಟದ ಸಾರ. ಅದನ್ನು ವಾರ್ಡ್ ಕಚೇರಿಗೋ ಗ್ರಾಮ ಪಂಚಾಯಿತಿಗೋ ಕೊಟ್ಟು ಸ್ವೀಕೃತಿ ಪಡೆಯಬೇಕು. ಆರು ತಿಂಗಳ ನಂತರ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ ಏನು ಬದಲಾಯಿತೆಂದು ನೋಡಬೇಕು. ಈ ಲೆಕ್ಕದಲ್ಲಿ ನಮ್ಮವರು, ಬೇರೆಯವರು ಎಂಬ ಭೇದ ಸಲ್ಲದು. ಒಂದೇ ಚರಂಡಿಯ ಪಕ್ಕದಲ್ಲಿ ಬಾಳುವವರನ್ನು ಪಂಗಡದಿಂದ ವಿಂಗಡಿಸಿದರೆ ಲೆಕ್ಕವೂ ಕೆಡುತ್ತದೆ, ಉದ್ದೇಶವೂ ಕೆಡುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರ ಹೆಸರಿನೊಂದಿಗೆ ಅವರ ಕುಲವೋ ಕಾಯಕವೋ ನಿಂತಿದೆ. ಅವರ ಪರವಾಗಿ ಮತ್ತೊಬ್ಬರು ಮಾತನಾಡಲಿಲ್ಲ. ತಮ್ಮ ಬದುಕಿನ ಅನುಭವವನ್ನು ಅವರೇ ನುಡಿದರು. ಅನುಭವ ಮಂಟಪದ ದೊಡ್ಡತನ ಅದು. ಓಣಿಯ ಲೆಕ್ಕವನ್ನು ಓಣಿಯವರೇ ಹೇಳಬೇಕೆಂಬ ನಮ್ಮ ಮಾತಿಗೂ ಮೂಲ ಅಲ್ಲಿಯೇ ಇದೆ. ದಾಸೋಹ ಎಂದರೆ ಬಂದವರಿಗೆ ಬಡಿಸುವುದು ಮಾತ್ರವಲ್ಲ. ಬರಲಾರದವರು ಯಾರಿದ್ದಾರೆಂದು ಅರಿಯುವುದೂ ದಾಸೋಹವೇ.

ಗಣತಿದಾರರು ಮನೆಗೆ ಬಂದಾಗ ಸದ್ಭಕ್ತರು ಎಲ್ಲ ಕಲಂಗಳಿಗೂ ನಿಜವಾದ ಉತ್ತರ ಕೊಡಬೇಕು. ಅಕ್ಕಪಕ್ಕದ ಯಾವ ಗುಡಿಸಲೂ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಬಾಡಿಗೆಯವರು, ವಲಸೆ ಬಂದ ಕೂಲಿಕಾರರು, ಕಟ್ಟಡದ ಕೆಲಸದ ಶೆಡ್ಡುಗಳಲ್ಲಿ ಇರುವವರು ಮೊದಲು ಬಿಟ್ಟುಹೋಗುವವರು. ಸರ್ಕಾರವು ತಾನು ಪಡೆದ ಲೆಕ್ಕವನ್ನು ಹೆಸರುಗಳನ್ನು ಮರೆಮಾಡಿ ವಾರ್ಡಿಗಿಂತ ಕೆಳಗಿನ ಹಂತದಲ್ಲಿಯೂ, ಕನ್ನಡದಲ್ಲಿ, ಸ್ಥಳೀಯ ಸಂಸ್ಥೆಗಳಿಗೂ ಜನರಿಗೂ ಕೊಡಬೇಕೆಂದು ನಾವೆಲ್ಲರೂ ಕೇಳಬೇಕು. ಹಾಗೆ ಕೇಳುವ ಹೊತ್ತಿಗೆ ನಮ್ಮ ನಮ್ಮ ಊರಿನ ಒಂದೊಂದು ಓಣಿಯ ಲೆಕ್ಕವಾದರೂ ನಮ್ಮ ಕೈಯಲ್ಲಿ ಸಿದ್ಧವಿರಲಿ.